ಮಾರುವ ಮೊದಲು ಕೊಳ್ಳುವವನ ಮುಖ ನೋಡಿ

ಪ್ರಶ್ನೆ: ಸರ್, ನಾವು ನಾಲ್ಕೈದು ಗೆಳೆಯರು ಎನ್‌ಬಿಎ, ಅಂದರೆ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್‌ನ ಹುಚ್ಚಿನವರು. ನಾನು ಗೋಲ್ಡನ್ ಸ್ಟೇಟ್ ವಾರಿಯರ್ಸ್ ಕಡೆ. ಚಳಿಗಾಲದಲ್ಲಿ ಅವರ ಊರಿನ ಮ್ಯಾಚ್ ನಮಗೆ ಬೆಳಿಗ್ಗೆ ಎಂಟೂವರೆಗೆ ಶುರು, ಮಣಿಪಾಲದ ಬಸ್ಸಲ್ಲಿ ನಿಂತುಕೊಂಡೇ ಮೊಬೈಲಲ್ಲಿ ನೋಡುತ್ತೇನೆ. ನಮ್ಮ ಟೀಮಿನ ಸ್ಟಾರ್ ಸ್ಟೀಫನ್ ಕರ್ರಿ ಹುಟ್ಟಿದ್ದು 1988ರಲ್ಲಿ. 2025-26ರ ಸೀಸನ್ನಿಗೆ ಅವನ ಸಂಬಳ 5.96 ಕೋಟಿ ಡಾಲರ್, ಅದರ ಮುಂದಿನದಕ್ಕೆ 6.26 ಕೋಟಿ. 'ಇವನನ್ನು ಟ್ರೇಡ್ ಮಾಡಿ ಹುಡುಗರನ್ನು ತರಬೇಕು, ಇಲ್ಲದಿದ್ದರೆ ಟೀಮ್ ಮುಳುಗುತ್ತದೆ' ಅನ್ನುತ್ತಾರೆ ಗೆಳೆಯರು. ನನಗೆ ಒಪ್ಪಿಗೆ ಇಲ್ಲ. ಆದರೆ ವಾದಕ್ಕೆ ಪಾಯಿಂಟೂ ಇಲ್ಲ. ನೀವೇನಂತೀರಿ?
– ಓದುಗ, ಪರ್ಕಳ

ಉತ್ತರ: ಪಾಯಿಂಟ್ ಬೇಕಾ? ತಗೊಳ್ಳಿ. ಕರ್ರಿಯನ್ನು ಕೊಟ್ಟರೆ ಬರುವುದು ಯಾರು ಅಂತ ಅವರನ್ನು ಮೊದಲು ಕೇಳಿ. 'ಯಾರಾದರೂ ಒಳ್ಳೇ ಹುಡುಗರು' ಅಂದರೆ ಅವರಿಗೆ ನಿಯಮ ಗೊತ್ತಿಲ್ಲ ಅಂತಲೇ ಅರ್ಥ.

ಫುಟ್‌ಬಾಲಿನ ಹಾಗೆ ಬರೀ ದುಡ್ಡು ಎಣಿಸಿ ಸ್ಟಾರ್ ಆಟಗಾರನನ್ನು ಕೊಳ್ಳುವುದು ಎನ್‌ಬಿಎಯಲ್ಲಿ ನಡೆಯುವುದಿಲ್ಲ. ಆಟಗಾರನಿಗೆ ಆಟಗಾರ, ಮೇಲಿಂದ ಡ್ರಾಫ್ಟ್ ಪಿಕ್, ಅಂದರೆ ಪ್ರತಿ ವರ್ಷ ಹೊಸಬರನ್ನು ಆರಿಸುವ ಸರದಿ. ಸಂಬಳದ ಮಿತಿ ದಾಟಿದ ಟೀಮ್ ಎಷ್ಟು ಸಂಬಳ ಒಳಗೆ ತರುತ್ತದೋ ಹೆಚ್ಚುಕಡಿಮೆ ಅಷ್ಟನ್ನೇ ಹೊರಗೆ ಕಳಿಸಬೇಕು. ಕರ್ರಿಯ ಸಂಬಳ ನಮ್ಮ ರೂಪಾಯಿಯಲ್ಲಿ 500 ಕೋಟಿ ದಾಟುತ್ತದೆ. ಹೊಸ ಹುಡುಗರ ಸಂಬಳ ಅದರ ಮುಂದೆ ಏನೂ ಅಲ್ಲ. ಎಷ್ಟು ಜನರನ್ನು ಸೇರಿಸಿದರೆ ಲೆಕ್ಕ ಕೂಡಿಬರಬೇಕು? ಲೀಗ್‌ಗೂ ಆಟಗಾರರ ಸಂಘಕ್ಕೂ ಆದ 2023ರ ಒಪ್ಪಂದ ಬಂದ ಮೇಲೆ ಇನ್ನೂ ಕಷ್ಟ. ತೀರಾ ಜಾಸ್ತಿ ಖರ್ಚಿನ ಟೀಮ್‌ಗಳು ಎರಡು ಮೂರು ಆಟಗಾರರ ಸಂಬಳ ಕೂಡಿಸಿ ಒಬ್ಬ ದೊಡ್ಡವನನ್ನು ತರುವ ಹಾಗೇ ಇಲ್ಲ. ಹಾಗಾಗಿ ಬದಲಿಗೆ ಬರುವವರಲ್ಲಿ ಹೆಚ್ಚಿನವರು ಆ ಟೀಮಿಗೆ ಬೇಡವಾದ ದುಬಾರಿ ಆಟಗಾರರೇ. ಲಾಭ ಇದ್ದರೆ ಪಿಕ್‌ನಲ್ಲಿ. ಮುಂದೆ ಹೊಸಬರನ್ನು ಆರಿಸುವಾಗ ಆ ಟೀಮಿನ ಸರದಿ ನಿಮ್ಮದಾಗುತ್ತದೆ, ಅಷ್ಟೇ.

ಎಷ್ಟು ಪಿಕ್ ಸಿಗುತ್ತದೆ ಅನ್ನುವುದು ಗಿರಾಕಿಯ ಮೇಲೆ. 2013ರ ಬೇಸಿಗೆಯಲ್ಲಿ ಬಾಸ್ಟನ್ ಸೆಲ್ಟಿಕ್ಸ್‌ನವರಿಗೆ ಬಂಗಾರದಂಥ ಗಿರಾಕಿ ಸಿಕ್ಕಿದ. ಅವರಲ್ಲಿ 35ರ ಪಾಲ್ ಪಿಯರ್ಸ್, 37ರ ಕೆವಿನ್ ಗಾರ್ನೆಟ್ ಇದ್ದರು. 2008ರಲ್ಲಿ ಚಾಂಪಿಯನ್‌ಶಿಪ್ ತಂದುಕೊಟ್ಟವರು. ಅವರ ಮೇಲೆ ಬ್ರೂಕ್ಲಿನ್ ನೆಟ್ಸ್‌ನವರ ಕಣ್ಣು ಬಿತ್ತು. 2014, 2016, 2018ರ ಮೊದಲ ಸುತ್ತಿನ ಪಿಕ್ ಕೊಟ್ಟರು. 2017ರಲ್ಲಿ ಸರದಿ ಅದಲುಬದಲು ಮಾಡಿಕೊಳ್ಳುವ ಹಕ್ಕನ್ನೂ ಕೊಟ್ಟರು. ನಡುನಡುವೆ ಒಂದೊಂದು ವರ್ಷ ಬಿಟ್ಟಿದ್ದು ದಯೆಯಿಂದಲ್ಲ. ಮುಂದಿನ ಯಾವ ಎರಡು ವರ್ಷಗಳಲ್ಲೂ ಸಾಲಾಗಿ ಮೊದಲ ಸುತ್ತಿನ ಪಿಕ್ ಇಲ್ಲದ ಹಾಗೆ ಮಾಡಿಕೊಳ್ಳಬಾರದು ಅಂತ ನಿಯಮ ಇದೆ. 1980ರ ದಶಕದ ಶುರುವಿನಲ್ಲಿ ಕ್ಲೀವ್‌ಲ್ಯಾಂಡ್ ಟೀಮಿನ ಮಾಲೀಕ ಟೆಡ್ ಸ್ಟೆಪಿಯನ್ ಪಿಕ್‌ಗಳನ್ನು ಸಿಕ್ಕಾಪಟ್ಟೆ ಹಂಚಿದ. ಅವನ ಕಾಟಕ್ಕೇ ಬಂದ ನಿಯಮ ಅದು. ಹೆಸರೂ ಅವನದೇ.

ಬ್ರೂಕ್ಲಿನ್‌ಗೆ ಸಿಕ್ಕಿದ್ದೇನು? ಆ ಇಬ್ಬರನ್ನು ಇಟ್ಟುಕೊಂಡು ಪ್ಲೇಆಫ್‌ನಲ್ಲಿ ಗೆದ್ದದ್ದು ಒಂದೇ ಸುತ್ತು. ಪಿಯರ್ಸ್ ಮರುವರ್ಷವೇ ಬಿಟ್ಟುಹೋದ. ಬಾಸ್ಟನ್ ಮಾತ್ರ 2016ರ ಪಿಕ್‌ನಲ್ಲಿ ಜೇಲನ್ ಬ್ರೌನ್‌ನನ್ನು ತಂದಿತು. 2017ರ ಅದಲುಬದಲಿನಲ್ಲಿ ಸಿಕ್ಕ ಮೊದಲ ಸ್ಥಾನವನ್ನು ಮೂರನೆಯದಕ್ಕೆ ಬದಲಾಯಿಸಿಕೊಂಡು ಜೇಸನ್ ಟೇಟಮ್‌ನನ್ನು ಆರಿಸಿತು. ಇವರಿಬ್ಬರೂ ಸೇರಿ 2024ರಲ್ಲಿ ಚಾಂಪಿಯನ್‌ಶಿಪ್ ಗೆದ್ದರು.

ಇಟ್ಟುಕೊಂಡು ಕೆಟ್ಟವರಿಗಿಂತ ಕೊಂಡು ಕೆಟ್ಟವರೇ ಜಾಸ್ತಿ ಅಂತ ನಾನು ಹೇಳುವುದು ಇದಕ್ಕೇ.

2023ರ ಫೆಬ್ರವರಿಯಲ್ಲಿ ಇದೇ ಬ್ರೂಕ್ಲಿನ್ ಮಾರುವ ಜಾಗದಲ್ಲಿ ನಿಂತಿತು. 34ರ ಕೆವಿನ್ ಡುರಾಂಟ್‌ನನ್ನು ಫೀನಿಕ್ಸ್ ಸನ್ಸ್‌ಗೆ ಕೊಟ್ಟು 2023, 2025, 2027, 2029ರ ಪಿಕ್ ತಗೊಂಡಿತು. 2028ಕ್ಕೆ ಅದಲುಬದಲು. ಮಿಕಲ್ ಬ್ರಿಡ್ಜಸ್, ಕ್ಯಾಮೆರಾನ್ ಜಾನ್ಸನ್ ಬೇರೆ. ಹತ್ತು ವರ್ಷ ಹಿಂದಿನ ಏಟನ್ನು ಇನ್ನೊಬ್ಬರಿಗೆ ಬಡ್ಡಿ ಸಮೇತ ಕೊಟ್ಟ ಹಾಗಾಯಿತು. ಎರಡೂವರೆ ವರ್ಷದೊಳಗೆ, 2025ರ ಬೇಸಿಗೆಯಲ್ಲಿ, ಫೀನಿಕ್ಸ್ ಅದೇ ಡುರಾಂಟ್‌ನನ್ನು ಹ್ಯೂಸ್ಟನ್‌ಗೆ ಮಾರಿತು. ಆಟ ಬಿದ್ದಿರಲಿಲ್ಲ, ಪಂದ್ಯಕ್ಕೆ 26ರ ಮೇಲೆ ಪಾಯಿಂಟ್ ಹೊಡೆಯುತ್ತಿದ್ದ. ಆದರೂ ಈ ಸಲ ಸಿಕ್ಕ ಮೊದಲ ಸುತ್ತಿನ ಪಿಕ್ ಒಂದೇ ಒಂದು. ಜೊತೆಗೆ ಜೇಲನ್ ಗ್ರೀನ್, ಡಿಲನ್ ಬ್ರೂಕ್ಸ್, ಮತ್ತೆ ಕೆಲವು ಎರಡನೇ ಸುತ್ತಿನ ಪಿಕ್. 34ರಲ್ಲಿ ನಾಲ್ಕು, 36ರಲ್ಲಿ ಒಂದು. ಕರ್ರಿಯ ವಯಸ್ಸಿಗೆ ಎಷ್ಟು ಅಂತ ನಿಮ್ಮ ಗೆಳೆಯರೇ ಲೆಕ್ಕ ಹಾಕಲಿ.

ಮಾರುವುದಿದ್ದರೆ 2022ರಲ್ಲೇ ಮಾರಬೇಕಿತ್ತು. ಆಗ ಅವನಿಗೆ 34. ನಾಲ್ಕನೇ ಚಾಂಪಿಯನ್‌ಶಿಪ್ ಗೆದ್ದು, ಫೈನಲ್ಸ್‌ನ ಶ್ರೇಷ್ಠ ಆಟಗಾರ ಅಂತ ಕಪ್ ಹಿಡಿದು ನಿಂತಿದ್ದ. ಆ ಹೊತ್ತಿಗೆ ಮಾರುವ ಧೈರ್ಯ ಯಾವ ಮ್ಯಾನೇಜರ್‌ಗೆ ಇದೆ? ಮಾರಿದ್ದರೆ ಊರವರು ಅವನ ಮನೆ ಮುಂದೆ ನಿಲ್ಲುತ್ತಿದ್ದರು!

ಇನ್ನು ಇಟ್ಟುಕೊಂಡವರ ಕತೆ. ಲಾಸ್ ಏಂಜಲೀಸ್ ಲೇಕರ್ಸ್‌ನ ಸ್ಟಾರ್ ಕೋಬಿ ಬ್ರಯಂಟ್‌ಗೆ 2013ರ ಏಪ್ರಿಲ್‌ನಲ್ಲಿ ಹಿಮ್ಮಡಿಯ ನರ ಹರಿಯಿತು. ಅವನು ಮತ್ತೆ ಕೋರ್ಟಿಗೆ ಇಳಿಯುವ ಮೊದಲೇ, ನವೆಂಬರ್‌ನಲ್ಲಿ, ಲೇಕರ್ಸ್‌ನವರು ಇನ್ನೆರಡು ವರ್ಷಕ್ಕೆ 4.85 ಕೋಟಿ ಡಾಲರ್ ಬರೆದುಕೊಟ್ಟರು. ಆ ಸೀಸನ್‌ನಲ್ಲಿ ಅವನು ಆಡಿದ್ದು 6 ಪಂದ್ಯ. 2015-16ರಲ್ಲಿ ಟೀಮ್ 17 ಗೆದ್ದು 65 ಸೋತಿತು, ಅವರ ಇತಿಹಾಸದಲ್ಲೇ ಅತಿ ಕಳಪೆ. ದಂಡ ಅಂತ ಎಲ್ಲರೂ ಬೈದರು. ನಾನು ಬೈಯುವುದಿಲ್ಲ.

ನಮ್ಮ ಯಕ್ಷಗಾನ ಮೇಳಗಳನ್ನು ನೋಡಿ. ವರ್ಷದ ತಿರುಗಾಟ ಮುಗಿಸಿ ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ ಯಾರು ಯಾವ ಮೇಳಕ್ಕೆ ಅನ್ನುವುದೇ ಸುದ್ದಿ. ಹರಕೆ ಆಟದ ಮೇಳಕ್ಕೆ ವರ್ಷಗಟ್ಟಲೆ ಮುಂಚೆಯೇ ಆಟ ಬುಕ್ ಆಗಿರುತ್ತದೆ, ಯಾರು ಹೋದರೂ ರಂಗಸ್ಥಳ ಏಳುತ್ತದೆ. ಟೆಂಟ್ ಮೇಳ ಹಾಗಲ್ಲ, ಟಿಕೆಟ್ ಹರಿಯಬೇಕು. ವಯಸ್ಸಾದ ವೇಷಧಾರಿಗೆ ಮೊದಲಿನ ಹಾಗೆ ಧಿಗಿಣ ಹಾಕಲು ಆಗದಿದ್ದರೂ ಕರಪತ್ರದಲ್ಲಿ ಅವರ ಹೆಸರು ದಪ್ಪಕ್ಷರದಲ್ಲೇ ಇರುತ್ತದೆ. ಜನ ಬರುವುದು ಆ ಹೆಸರಿಗೆ. ಲೇಕರ್ಸ್ ಟೆಂಟ್ ಮೇಳ. ವಾರಿಯರ್ಸ್ ಇನ್ನೂ ಪಕ್ಕಾ ಟೆಂಟ್ ಮೇಳ. 2019ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಖಾಸಗಿ ದುಡ್ಡಲ್ಲೇ ಚೇಸ್ ಸೆಂಟರ್ ಕಟ್ಟಿಸಿಕೊಂಡವರು ಅವರು. ಆ ಸೀಟುಗಳು ತುಂಬುವುದು ಯಾರ ಹೆಸರಿಗೆ, ಹೇಳಬೇಕಾ?

ಲೇಕರ್ಸ್ ಸೋತದ್ದೂ ಪೂರ್ತಿ ಹಾಳಾಗಲಿಲ್ಲ. ಸೋತ ಟೀಮಿಗೆ ಡ್ರಾಫ್ಟ್‌ನಲ್ಲಿ ಮುಂದಿನ ಸರದಿ ಅಲ್ವಾ? 2016ರಲ್ಲಿ ಎರಡನೇ ಪಿಕ್‌ನಿಂದ ಬ್ರಾಂಡನ್ ಇಂಗ್ರಾಮ್ ಬಂದ, 2017ರಲ್ಲಿ ಮತ್ತೆ ಎರಡನೇ ಪಿಕ್‌ನಿಂದ ಲೊಂಜೊ ಬಾಲ್. 2019ರಲ್ಲಿ ಇವರಿಬ್ಬರನ್ನೂ ಸೇರಿಸಿ ಕೊಟ್ಟು ಆಂಥನಿ ಡೇವಿಸ್‌ನನ್ನು ತಂದರು. 2020ರಲ್ಲಿ ಚಾಂಪಿಯನ್. ಕೋಬಿಯ ಕೊನೇ ಪಂದ್ಯದ 60 ಪಾಯಿಂಟ್ ಬೇರೆ ಫ್ರೀ.

ಕೊಂಡವರೆಲ್ಲ ಕೆಟ್ಟರು ಅಂತ ಅಲ್ಲ. 2020ರಲ್ಲಿ ಫೀನಿಕ್ಸ್ 35ರ ಕ್ರಿಸ್ ಪಾಲ್‌ನನ್ನು ತಂದಿತು. ಅವನ ಸಂಬಳ ನೋಡಿ ಎಲ್ಲರೂ ಮೂಗು ಮುರಿದಿದ್ದರು. ಮರುವರ್ಷ ಅದೇ ಟೀಮ್ ಫೈನಲ್‌ಗೆ ಹೋಯಿತು. ಅಂಥದ್ದು ಅಪರೂಪ, ಆದರೆ ಆಗಿದೆ.

ಹಾಗಾಗಿ ನನ್ನ ತೀರ್ಪು: ಕರ್ರಿಯನ್ನು ಮಾರಬೇಡಿ. 2013ರ ಬ್ರೂಕ್ಲಿನ್‌ನಂಥ ಗಿರಾಕಿ ನಾಳೆ ಬೆಳಿಗ್ಗೆ ಬಾಗಿಲು ತಟ್ಟಿದರೆ? ಆಗ ಕೊಟ್ಟುಬಿಡಿ, ಸೆಂಟಿಮೆಂಟ್ ಬೇಡ. ಆದರೆ ಗಿರಾಕಿ ಇಲ್ಲದೆ 'ವಯಸ್ಸಾಯಿತು, ಮಾರಿ' ಅನ್ನುವುದು ಸುಮ್ನೆ ಬಾಯಿಮಾತು.

ಪ್ರಶ್ನೆ: ವಯಸ್ಸಾದ ಹಾಗೆ ಆಟ ಕಡಿಮೆಯಾಗುತ್ತದೆ, ಸಂಬಳ ಮಾತ್ರ ಏರುತ್ತದೆ. ಯಾಕೆ ಹೀಗೆ? ಆಟಗಾರನನ್ನು ಕೇಳದೆಯೇ ಬೇರೆ ಊರಿಗೆ ಕಳಿಸಬಹುದಾ?
– ಓದುಗಿ, ಕಿನ್ನಿಗೋಳಿ

ಉತ್ತರ: ನಿಯಮವೇ ಹಾಗಿದೆ. ಹೊಸದರಲ್ಲಿ ಒಬ್ಬನಿಗೆ ಸಿಗಬಹುದಾದ ಗರಿಷ್ಠ ಸಂಬಳ, ಟೀಮಿನ ಸಂಬಳದ ಮಿತಿಯಲ್ಲಿ ನೂರಕ್ಕೆ 25. ಏಳು ವರ್ಷ ಆಡಿದ ಮೇಲೆ 30, ಹತ್ತು ತುಂಬಿದರೆ 35. ಮಂಡಿ ಸವೆಯುವ ಹೊತ್ತಿಗೆ ಕಿಸೆ ತುಂಬುತ್ತದೆ.

ಕೇಳದೆ ಕಳಿಸಬಹುದು, ಕಳಿಸುತ್ತಾರೆ. 'ನನ್ನ ಒಪ್ಪಿಗೆ ಇಲ್ಲದೆ ಟ್ರೇಡ್ ಇಲ್ಲ' ಅಂತ ಕರಾರಿನಲ್ಲಿ ಬರೆಸಿಕೊಳ್ಳಲು ಲೀಗ್‌ನಲ್ಲಿ ಎಂಟು ವರ್ಷ, ಅದೇ ಟೀಮಿನಲ್ಲಿ ನಾಲ್ಕು ವರ್ಷ ಆಡಿರಬೇಕು. ಅಷ್ಟಾದರೂ ಬರೆಸಿಕೊಂಡವರು ಬೆರಳೆಣಿಕೆಯಷ್ಟು. ಗಾರ್ನೆಟ್‌ಗೆ ಆ ಹಕ್ಕಿತ್ತು, ಅವನು ಒಪ್ಪಿದ್ದಕ್ಕೇ ಬ್ರೂಕ್ಲಿನ್ ವ್ಯಾಪಾರ ನಡೆದದ್ದು. ಬ್ರಾಡ್ಲಿ ಬೀಲ್‌ಗೂ ವಾಷಿಂಗ್ಟನ್‌ನವರು ಕೊಟ್ಟಿದ್ದರು. 2023ರಲ್ಲಿ ಅವನು ಫೀನಿಕ್ಸ್‌ಗೆ ಹೋದಾಗ ಆ ಹಕ್ಕೂ ಅವನ ಜೊತೆಗೇ ಹೋಯಿತು. ಆಮೇಲೆ ಫೀನಿಕ್ಸ್‌ನವರಿಗೆ ಅವನನ್ನು ಮಾರಲೂ ಆಗದೆ, 2025ರಲ್ಲಿ ದುಡ್ಡು ಕೊಟ್ಟು ಕರಾರು ಮುಗಿಸಬೇಕಾಯಿತು. ಕೊಂಡು ಕೆಟ್ಟವರ ಪಟ್ಟಿಗೆ ಇದನ್ನೂ ಸೇರಿಸಿ.

ಪ್ರಶ್ನೆ: ನಮ್ಮ ಯಜಮಾನರಿಗೆ 48. ಭಾನುವಾರದ ಟೀಮಿನಲ್ಲಿ ಇನ್ನೂ ಮೊದಲ ಐವರಲ್ಲೇ ಆಡಬೇಕು ಅಂತ ಹಟ. ಹುಡುಗರು ಮರ್ಯಾದೆಗೆ ಬಾಯಿ ಬಿಡುವುದಿಲ್ಲ. ಏನು ಮಾಡಲಿ?
– ಓದುಗಿ, ಶಿರ್ವ

ಉತ್ತರ: ಅಕ್ಕಾ, ಇವರನ್ನು ಟ್ರೇಡ್ ಮಾಡಲು ಬರುವುದಿಲ್ಲವಲ್ಲ! ಅವರಿಗೆ ಮನು ಜಿನೋಬಿಲಿಯ ಹೆಸರು ಹೇಳಿ. ಸ್ಯಾನ್ ಆಂಟೋನಿಯೊ ಟೀಮಿನಲ್ಲಿ ನಾಲ್ಕು ಚಾಂಪಿಯನ್‌ಶಿಪ್ ಗೆದ್ದವನು. ಹೆಚ್ಚಿನ ಪಂದ್ಯ ಬೆಂಚಿನಿಂದ ಎದ್ದು ಬಂದೇ ಆಡಿದ. 2008ರಲ್ಲಿ ಅದಕ್ಕೇ ಪ್ರಶಸ್ತಿಯೂ ಬಂತು. ನಿವೃತ್ತಿ ಆದಾಗ 41. ಕೊನೇ ಹತ್ತು ನಿಮಿಷಕ್ಕೆ ಇಳಿದು, ಸುಸ್ತಾದ ಹುಡುಗರ ನಡುವೆ ಫ್ರೀ ಥ್ರೋ ಹಾಕುವುದರಲ್ಲೂ ಒಂದು ಗತ್ತಿದೆ.

ಇನ್ನೊಂದು. ಮಳೆಗಾಲದಲ್ಲಿ ಹೊರಗಿನ ಕಾಂಕ್ರೀಟ್ ಕೋರ್ಟಿಗೆ ಕಳಿಸುವುದಿದ್ದರೆ ಮೊದಲು ರಿಂಗ್‌ನ ಕೆಳಗೆ ನೋಡಲು ಹೇಳಿ. ಪಾಚಿ ಹಿಡಿಯುವುದು ಅಲ್ಲೇ ಜಾಸ್ತಿ, ಹಸಿರು ಕಾಣುವ ಮೊದಲು ಬರೀ ಕಪ್ಪು ಕಲೆ ಇದ್ದ ಹಾಗಿರುತ್ತದೆ. ಲೇಅಪ್‌ಗೆ ಹಾರಿ ಇಳಿಯುವುದೂ ಅದೇ ಜಾಗಕ್ಕೆ. ಬ್ಲೀಚಿಂಗ್ ಪೌಡರ್ ಹಾಕಿ ಹಿಡಿಸೂಡಿಯಲ್ಲಿ ಗಸಗಸ ತಿಕ್ಕಬೇಕು, ಆಮೇಲೆ ಬರಿಗಾಲಲ್ಲಿ ಉಜ್ಜಿ ನೋಡಬೇಕು. ಜಾರಿದರೆ ಆವತ್ತು ಆಟ ಬೇಡ, 48ಕ್ಕೂ ಬೇಡ, 18ಕ್ಕೂ ಬೇಡ.

ಮೊದಲ ಐವರಲ್ಲಿ ಇಲ್ಲ ಅಂತ ಹೇಳುವ ಕೆಲಸ ಕ್ಯಾಪ್ಟನ್‌ಗೆ ಬಿಡಿ. ನೀವು ಹೇಳಲು ಹೋಗಬೇಡಿ, ಅದರಲ್ಲೂ ಊಟಕ್ಕೆ ಕೂತಾಗ.