ಆಸ್ಟ್ರೇಲಿಯಾದ ಒಣ ಕಾಡಲ್ಲಿ, ದನ ಮೇಯೋ ಬಯಲಲ್ಲಿ ವೈಲ್ಡ್‌ಲೈಫ್ ಸರ್ವೆ ಅಂದ್ರೆ ನಿಜವಾಗ್ಲೂ ಏನ್ ಮಾಡ್ತಾರೆ?

ನಿಮ್ಮ ಪ್ರಶ್ನೆ ಓದಿ ನಗು ಬಂತು. ವಿಡಿಯೋದಲ್ಲಿ ನೋಡಿದ್ರೆ ಬರೀ ಒಣ ಬಯಲು, ದನ, ಅಲ್ಲೊಂದು ಇಲ್ಲೊಂದು ನೀಲಗಿರಿ ಮರ, ಅಲ್ಲಿ ಸರ್ವೆ ಮಾಡಕ್ಕೆ ಏನಿದೆ, ದಿನಾ ಕಾಂಗರೂ ಎಣಿಸ್ತಾರಾ, ಫಾರೆಸ್ಟ್ರಿ ಓದ್ತಿರೋ ನಾನು ಬರಬಹುದಾ ಅಂತ ಕೇಳಿದೀರ. ನಾನು ಚಳ್ಳಕೆರೆ ಕಡೆಯವನು, ಎಂಟು ವರ್ಷದಿಂದ ಕ್ವೀನ್ಸ್‌ಲ್ಯಾಂಡಲ್ಲಿ ಇದೇ ಕೆಲಸ. ಕಾಂಗರೂನ ಇದುವರೆಗೂ ಒಂದ್ ದಿನಾನೂ ಎಣಿಸಿಲ್ಲ, ಅದನ್ನ ಸರ್ಕಾರದವರು ಮೇಲಿಂದ ಹೆಲಿಕಾಪ್ಟರಲ್ಲಿ ಕೂತು ಎಣಿಸ್ತಾರೆ. ನಾನು ಎಣಿಸಿರೋದು ಹುಲ್ಲು, ಬಿದ್ದ ಮರದ ದಿಮ್ಮಿ, ಮರದ ಪೊಟರೆ. ಮನೇಲಿ ಅಮ್ಮಂಗೆ ಇನ್ನೂ ಇದನ್ನ ಅರ್ಥ ಮಾಡ್ಸಕ್ಕಾಗಿಲ್ಲ.

ಗಿಡದ ಸರ್ವೆ ಹೇಗೆ ಅಂದ್ರೆ, 100 ಮೀಟರ್ ಉದ್ದ 50 ಮೀಟರ್ ಅಗಲದ ಜಾಗ, ಮಧ್ಯದಲ್ಲಿ ಟೇಪ್ ಎಳೀತೀವಿ. ಅದರೊಳಗೆ ದೊಡ್ಡ ಮರ ಎಷ್ಟು, ನೆಲಕ್ಕೆ ಬಿದ್ದ ದಿಮ್ಮಿ ಒಟ್ಟು ಎಷ್ಟು ಮೀಟರ್ ಉದ್ದ, ಆಮೇಲೆ ಒಂದು ಮೀಟರ್ ಚೌಕಟ್ಟು ಐದು ಕಡೆ ಇಟ್ಟು ಒಂದೊಂದರಲ್ಲೂ ಅಲ್ಲಿಯ ಹುಲ್ಲು ಎಷ್ಟು ಪರ್ಸೆಂಟ್, ಹೊರಗಿಂದ ಬಂದ ಹುಲ್ಲು ಎಷ್ಟು, ತರಗೆಲೆ ಎಷ್ಟು, ಬೋಳು ನೆಲ ಎಷ್ಟು ಅಂತ ಮಂಡಿ ಊರಿ ನೋಡಿ ಬರೀಬೇಕು. ಆ ಮಣ್ಣಲ್ಲಿ ಆ ಜಾತಿ ಕಾಡು ಚೆನ್ನಾಗಿದ್ರೆ ಹೇಗಿರತ್ತೆ ಅಂತ ಒಂದು ಬೆಂಚ್‌ಮಾರ್ಕ್ ಇರತ್ತೆ, ಅದಕ್ಕೆ ಹೋಲಿಸಿ ಮಾರ್ಕ್ಸ್ ಕೊಡೋದು. ಬಿದ್ದ ಕೊಂಬೆಗೆ ಮಾರ್ಕ್ಸ್ ಯಾಕೆ ಅಂತ ನಂಗೂ ಮೊದಲ ತಿಂಗಳು ಅರ್ಥ ಆಗಿರಲಿಲ್ಲ, ನಮ್ಮೂರಲ್ಲಿ ಬಿದ್ದ ಕೊಂಬೆ ಸಂಜೆಯೊಳಗೆ ಯಾರದೋ ಒಲೆಗೆ ಹೋಗಿರತ್ತೆ. ಇಲ್ಲಿ ಆ ದಿಮ್ಮಿ ಕೆಳಗೇ ಹಲ್ಲಿ, ಹಾವುರಾಣಿ, ಹಾವು ಎಲ್ಲದರ ಸಂಸಾರ.

ಪೊಟರೆ ಕಥೆ ಇನ್ನೂ ಮುಖ್ಯ. ಆಸ್ಟ್ರೇಲಿಯಾದಲ್ಲಿ ಮರಕುಟಿಗ ಇಲ್ಲ! ಒಂದೇ ಒಂದು ಜಾತಿನೂ ಇಲ್ಲ. ಕುಟ್ಟಿ ತೂತು ಕೊರೆಯೋರೇ ಇಲ್ದಿದ್ಮೇಲೆ ಪೊಟರೆ ಆಗಬೇಕು ಅಂದ್ರೆ ಕೊಂಬೆ ಮುರೀಬೇಕು, ಬೆಂಕಿ ತಾಗಬೇಕು, ಒಳಗೆ ಗೆದ್ದಲು ತಿನ್ಬೇಕು, ಶಿಲೀಂಧ್ರ ಕೊಳೆಸಬೇಕು, ಇದಕ್ಕೆಲ್ಲ ನೂರು ವರ್ಷದ ಮೇಲೆ ಬೇಕು, ದೊಡ್ಡ ಗೂಬೆ ಕೂರೋ ಅಂಥದ್ದಕ್ಕೆ ಇನ್ನೂ ಜಾಸ್ತಿ. ಸುಮಾರು 300 ಜಾತಿ ಪ್ರಾಣಿ ಪಕ್ಷಿ ಇಂಥ ಪೊಟರೆ ಬಳಸ್ತವೆ, ಗಿಳಿ, ಗೂಬೆ, ಬಾವಲಿ, ಮರ ಹತ್ತೋ ಚೀಲದ ಪ್ರಾಣಿ ಪಾಸಮ್, ಮರದಿಂದ ಮರಕ್ಕೆ ತೇಲೋ ಗ್ಲೈಡರ್. ಆದ್ದರಿಂದ ಬಯಲ ಮಧ್ಯೆ ಅರ್ಧ ಸತ್ತು ನಿಂತಿರೋ ಒಂಟಿ ಮರ, ನಾವು ಯಾವುದನ್ನ ಕಡಿದು ಸೌದೆ ಮಾಡೋಣ ಅಂತೀವೋ, ಅದೇ ಇಲ್ಲಿ ಇಡೀ ಹೊಲದ ಆಸ್ತಿ. ಅದರ ಬದಲು ನೂರು ಸಸಿ ನೆಡ್ತೀವಿ ಅನ್ನೋರು ಸಿಗ್ತಾರೆ. ನೆಡಲಿ, ಸಂತೋಷ, ಆದ್ರೆ ಗೂಬೆ ಆ ನೂರು ವರ್ಷ ಎಲ್ಲಿರತ್ತೆ ಅಂತ ಯಾರೂ ಹೇಳಲ್ಲ.

ಪ್ರಾಣಿ ಸರ್ವೆಗೆ ಎಲಿಯಟ್ ಟ್ರಾಪ್ ಅಂತ ಅಲ್ಯೂಮಿನಿಯಂ ಡಬ್ಬಿ ಇಡ್ತೀವಿ. ಒಳಗೆ ಕಡಲೆಕಾಯಿ ಬೆಣ್ಣೆ, ಓಟ್ಸ್, ಜೇನುತುಪ್ಪ ಕಲಸಿದ ಉಂಡೆ, ನೋಡಕ್ಕೆ ಥೇಟ್ ತಂಬಿಟ್ಟು, ಹಸಿದಾಗ ನಾನೇ ತಿಂದಿದೀನಿ. ಜೊತೆಗೆ ಬಕೆಟ್‌ನ ಬಾಯಿಮಟ್ಟ ನೆಲದಲ್ಲಿ ಹೂತು, ಮೊಣಕಾಲಿಗಿಂತ ಗಿಡ್ಡ ಬೇಲಿ ಕಟ್ಟಿ, ಓಡಾಡೋ ಜೀವ ಬೇಲಿಗುಂಟ ಬಂದು ಬಕೆಟ್‌ಗೆ ಬೀಳೋ ಹಂಗೆ ಮಾಡೋದು. ಬಿಸಿಲೇರಿದ್ರೆ ಡಬ್ಬಿ ಒಲೆ ಆಗತ್ತೆ, ಹಾಗಾಗಿ ಸೂರ್ಯ ಹುಟ್ಟೋ ಹೊತ್ತಿಗೇ ಎದ್ದು ಎಲ್ಲಾ ಟ್ರಾಪ್ ನೋಡಿ, ಸಿಕ್ಕಿದ್ದನ್ನ ಬಿಟ್ಟುಬಿಡಬೇಕು, ಅನಿಮಲ್ ಎಥಿಕ್ಸ್ ಪರ್ಮಿಷನ್ ಇಲ್ದೆ ಒಂದು ಡಬ್ಬಿನೂ ಇಡಂಗಿಲ್ಲ. ಬಾವಲಿಗೆ ಬೇರೆ ಮಷಿನ್, ನಮ್ಮ ಕಿವಿಗೆ ಕೇಳದ ಅವುಗಳ ಕೂಗನ್ನ ರಾತ್ರಿಯೆಲ್ಲ ರೆಕಾರ್ಡ್ ಮಾಡತ್ತೆ. ಹಕ್ಕಿಗೆ ಸಾಮಾನ್ಯವಾಗಿ 2 ಹೆಕ್ಟೇರ್ ಜಾಗದಲ್ಲಿ 20 ನಿಮಿಷ. ನಾಲ್ಕು ರಾತ್ರಿ ಕಾದು ಬರೀ ಮನೆ ಇಲಿ ಸಿಕ್ಕಿರೋ ಸೈಟುಗಳೂ ಇವೆ. ಒಮ್ಮೆ ಎರೆಮಣ್ಣಿನ ಬಯಲಲ್ಲಿ ಪ್ಲಾನಿಗೇಲ್ ಅಂತ ಇಲಿ ಥರ ಕಾಣೋ ಪುಟ್ಟ ಪ್ರಾಣಿ ಸಿಕ್ತು, ಐದು ಗ್ರಾಂ ಇರಬಹುದು ಅಷ್ಟೇ, ಚಪ್ಪಟೆ ತಲೆ, ಬೇಸಿಗೇಲಿ ನೆಲ ಬಿರುಕು ಬಿಡತ್ತಲ್ಲ ಆ ಬಿರುಕೊಳಗೇ ಬದುಕೋ ಬೇಟೆಗಾರ. ನಮ್ಮ ಎರೆಹೊಲದ ಬಿರುಕಲ್ಲಿ ಕಾಲು ಸಿಕ್ಕಿಸ್ಕೊಂಡು ಬೆಳೆದೋನಿಗೆ ಅದನ್ನ ಅಂಗೈಲಿ ಇಟ್ಕೊಂಡಾಗ ಆದ ಖುಷಿ ಬರೆಯಕ್ಕಾಗಲ್ಲ. ಹೊಟ್ಟೇಲಿ ಚೀಲ ಬೇರೆ, ಕಾಂಗರೂ ಥರಾನೇ!

ಇನ್ನು ದನ. ಮಧ್ಯ ಕ್ವೀನ್ಸ್‌ಲ್ಯಾಂಡಲ್ಲಿ ಬ್ರಿಗಲೋ ಅಂತ ಒಂದು ಮರದ ಕಾಡಿತ್ತು, ಅಕೇಶಿಯಾ ಜಾತಿ. 1962ರಲ್ಲಿ ಸರ್ಕಾರವೇ ದೊಡ್ಡ ಸ್ಕೀಮ್ ಶುರು ಮಾಡ್ತು, ಎರಡು ಬುಲ್ಡೋಜರ್ ಮಧ್ಯೆ ಹಡಗಿನ ಸರಪಳಿ ಥರದ್ದು ಕಟ್ಟಿ ಎಳೆದು ಕಾಡನ್ನ ಮಲಗಿಸೋದು. ಹತ್ತರಲ್ಲಿ ಒಂಬತ್ತು ಪಾಲು ಹೋಯ್ತು. ಅಲ್ಲಿ ಬಫೆಲ್ ಹುಲ್ಲು ಬಿತ್ತಿದ್ರು, ಇದೇ ನಮ್ಮಲ್ಲಿ ಅಂಜನ್ ಹುಲ್ಲು. ದನಕ್ಕೆ ಮೃಷ್ಟಾನ್ನ, ಬರಕ್ಕೂ ಬಗ್ಗಲ್ಲ, ಆದ್ರೆ ಬೇರೆ ಹುಲ್ಲನ್ನ ಬೆಳೆಯಕ್ಕೆ ಬಿಡಲ್ಲ, ಬೆಂಕಿ ಬಿದ್ರೆ ಜೋರಾಗಿ ಉರಿದು ಉಳಿದ ಮರಾನೂ ಸುಡತ್ತೆ. ನಾನು ಅದನ್ನ ಕಳೆ ಅಂತ ಬರೀತೀನಿ, ಪಕ್ಕದಲ್ಲೇ ನಿಂತಿರೋ ಜಮೀನಿನ ಯಜಮಾನ ಅದರಿಂದಲೇ ಸಾಲ ತೀರಿಸ್ತಿರ್ತಾನೆ. ಅವರನ್ನ ವಿಲನ್ ಮಾಡಬೇಡಿ, ಯಾವ ಹಳ್ಳದ ಹತ್ರ ಯಾವ ಹಕ್ಕಿ ಬರತ್ತೆ ಅಂತ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಬ್ರಿಡಲ್ಡ್ ನೇಲ್‌ಟೇಲ್ ವಾಲಬಿ ಅಂತ ಚಿಕ್ಕ ಕಾಂಗರೂ ಥರದ್ದು ಒಂದಿದೆ, 1930ರ ದಶಕದ ನಂತರ ಯಾರೂ ನೋಡಿರಲಿಲ್ಲ, ನಿರ್ನಾಮ ಆಯ್ತು ಅಂತ ಬಿಟ್ಟಿದ್ರು. 1973ರಲ್ಲಿ ಡಿಂಗೋ ಅನ್ನೋ ಊರಿನ ಹತ್ರ ಬೇಲಿ ಹಾಕೋ ಕಂಟ್ರಾಕ್ಟರ್ ಒಬ್ರು ಪತ್ರಿಕೇಲಿ ಅದರ ಬಗ್ಗೆ ಓದಿ, ಇದನ್ನ ನಾನು ಇಲ್ಲೇ ನೋಡ್ತಿರ್ತೀನಲ್ಲ ಅಂದ್ರು. ಸರ್ವೆ ಟೀಮ್ ಅಲ್ಲ, ಬೇಲಿ ಹಾಕೋರು. ಹಾಗಾಗಿ ನಾಲ್ಕು ದಿನ ಹುಡುಕಿ ಸಿಗಲಿಲ್ಲ ಅಂದ್ರೆ "ಇಲ್ಲ" ಅಂತ ಬರೀಬಾರದು, "ಈ ತಿಂಗಳು, ಈ ಬರದಲ್ಲಿ, ಇಷ್ಟು ಗಂಟೆ ಹುಡುಕಿದ್ವಿ, ಕಾಣಲಿಲ್ಲ" ಅಂತ ಬರೀಬೇಕು. ದುಡ್ಡು ಕೊಟ್ಟು ಸರ್ವೆ ಮಾಡಿಸೋ, ರಿಪೋರ್ಟ್ ಬೇಗ ಬೇಕು ಅನ್ನೋ ಕ್ಲೈಂಟ್‌ಗೆ ಈ ವಾಕ್ಯ ಇಷ್ಟ ಆಗಲ್ಲ. ಈ ಕೆಲಸದಲ್ಲಿ ನಿಜವಾದ ಕಷ್ಟ ಬಿಸಿಲಲ್ಲ, ಹಾವಲ್ಲ, ಈ ವಾಕ್ಯ. ಬೇಸಿಗೆ ಕೊನೇಲಿ ಹುಲ್ಲೇ ಇಲ್ದಾಗ ಹುಲ್ಲಿನ ಸರ್ವೆ ಮಾಡಿ ಅಂತಾರೆ, ತೆನೆ ಇಲ್ದೆ ಹುಲ್ಲಿನ ಜಾತಿ ಹೇಳೋದು ಹೇಗೆ ಸ್ವಾಮಿ? ಮಳೆ ಮುಗಿದ ಮೇಲೆ, ಮಾರ್ಚ್‌ನಿಂದ ಮೇ ಒಳಗೆ ಬಂದ್ರೆ ಸರಿ.

ಒಂದು ನನ್ನದೇ ತಪ್ಪು ಹೇಳ್ತೀನಿ. ಇಲ್ಲಿ ನಿಯಮ, ಗೇಟ್ ಹೇಗಿತ್ತೋ ಹಾಗೇ ಬಿಡಬೇಕು. ಮೊದಲ ವರ್ಷ ಒಂದು ಕಡೆ ಗೇಟ್ ತೆರೆದಿತ್ತು, ಪಾಪ ಮರೆತಿದಾರೆ ಅಂತ ಒಳ್ಳೇ ಮನಸ್ಸಿಂದ ಹಾಕಿಬಿಟ್ಟೆ. ನೀರಿನ ತೊಟ್ಟಿ ಇದ್ದಿದ್ದು ಆ ಕಡೆ, ದನ ಪೂರ್ತಿ ಈ ಕಡೆ. ಸಂಜೆ ಯಜಮಾನ ನೋಡ್ಕೊಂಡ್ರು ಸರಿಹೋಯ್ತು, ಬೈಗುಳ ಮಾತ್ರ ಇವತ್ತಿಗೂ ಕಿವೀಲಿದೆ.

ಕರ್ನಾಟಕದಿಂದ ಬರೋರಿಗೆ ಇನ್ನೊಂದು ತಮಾಷೆ ಕಾದಿರತ್ತೆ. ಉತ್ತರದ ಕಡೆ, ಮಿಚೆಲ್ ಅನ್ನೋ ಇಲ್ಲಿಯದೇ ಹುಲ್ಲಿನ ಬಯಲಲ್ಲಿ ನೆರಳಿಗೆ, ಕುರಿ ಮೇವಿಗೆ ಅಂತ 1890ರ ದಶಕದಲ್ಲಿ ತಂದ ಮುಳ್ಳಿನ ಮರ ಈಗ 60 ಲಕ್ಷ ಹೆಕ್ಟೇರ್‌ಗೂ ಮೇಲೆ ಹರಡಿದೆ. ಯಾವುದು ಅಂತೀರಾ, ನಮ್ಮ ಕರಿಜಾಲಿ. ಕಾಂಗ್ರೆಸ್ ಗಿಡಾನೂ ಇದೆ, ಅದನ್ನ ತಿನ್ನಲಿ ಅಂತ ಮೆಕ್ಸಿಕೋದ ಒಂದು ದುಂಬೀನ ಕ್ವೀನ್ಸ್‌ಲ್ಯಾಂಡಲ್ಲಿ 1980ರಲ್ಲಿ ಬಿಟ್ರು, ಅದೇ ಜಾತಿ ದುಂಬೀನ 1984ರಲ್ಲಿ ಬೆಂಗಳೂರಲ್ಲೂ ಬಿಟ್ರು. ಆ ಗಿಡದ ಬೀಜ ಟೈರಲ್ಲಿ ಹೋಗಬಾರದು ಅಂತ ಒಂದು ಜಮೀನಿಂದ ಇನ್ನೊಂದಕ್ಕೆ ಹೋಗೋ ಮುಂಚೆ ಗಾಡಿ ಅಡಿಯೆಲ್ಲ ತೊಳೆಸಿ ಚೀಟಿ ಕೊಡಬೇಕು. ಚಾರ್ಟರ್ಸ್ ಟವರ್ಸ್ ಅನ್ನೋ ಊರಿನ ಕಡೆ 1886ರಲ್ಲಿ ತಂದುಬಿಟ್ಟ ಚುಕ್ಕೆ ಜಿಂಕೆ ಈಗಲೂ ಹಿಂಡು ಹಿಂಡು ಇವೆ, ಕ್ಯಾಮೆರಾ ಟ್ರಾಪ್ ಫೋಟೋದಲ್ಲಿ ಬಂದ್ರೆ ಜೊತೆಯವರು ತಲೆ ಚಚ್ಕೋತಾರೆ, ನಂಗೆ ಮಾತ್ರ ನಾಗರಹೊಳೆ ಕಡೆಯ ನೆಂಟರು ಬಂದಂಗೆ ಆಗತ್ತೆ. ಕಾಪಾಡಬೇಕು ಅಂತಲ್ಲ, ಅವು ಅಲ್ಲಿರಬಾರದು, ಆದ್ರೂ.

ಬರಬಹುದಾ ಅಂದ್ರೆ, ಬರಬಹುದು. ವೀಸಾ, ಕೋರ್ಸ್ ವಿಷಯ ಬೇರೆಯವರನ್ನ ಕೇಳಿ, ನಿಯಮ ಬದಲಾಗ್ತಾ ಇರತ್ತೆ. ನಾನು ಹೇಳೋದು ಇಷ್ಟೇ, ಹಕ್ಕಿ ಫೋಟೋ ತೆಗೆಯೋರು ಬೇಕಾದಷ್ಟು ಜನ ಸಿಗ್ತಾರೆ, ಹುಲ್ಲು ಗುರುತಿಸೋರು ಸಿಗಲ್ಲ. ನಿಮ್ಮೂರ ಹತ್ರದ ಯಾವುದಾದ್ರೂ ಕಾವಲಿಗೆ ಹೋಗಿ, ನಾಲ್ಕು ಕಡ್ಡಿ ಕಟ್ಟಿ ಒಂದು ಮೀಟರ್ ಚೌಕ ಮಾಡಿ, ಅದರೊಳಗಿರೋ ಎಲ್ಲದರ ಹೆಸರು ಬರೀರಿ, ಹತ್ತು ಜಾಗದಲ್ಲಿ. ಮೂರನೇದಕ್ಕೇ ಬೋರ್ ಆದ್ರೆ ಬೇರೆ ಕೆಲಸ ನೋಡ್ಕೊಳ್ಳಿ. ಹೋಗುವಾಗ ಉಣ್ಣೆ ಸಾಕ್ಸ್ ಹಾಕಬೇಡಿ, ಊಬಿನ ಹುಲ್ಲು ಕೂತ್ಕೊಂಡ್ರೆ ತೆಗೆಯಕ್ಕೆ ಒಂದು ಸಂಜೆ ಬೇಕು. ಅದೇ ಹುಲ್ಲು, ಅದೇ ಜಾತಿ, ಇಲ್ಲೂ ಇದೆ, ಯಾರೂ ತಂದಿದ್ದಲ್ಲ, ಎರಡೂ ಕಡೆ ತಾನಾಗೇ ಇರೋದು, ಎರಡೂ ಕಡೆ ಒಂದೇ ಥರ ಚುಚ್ಚತ್ತೆ.