ನಕ್ಕರೂ ತಪ್ಪಲ್ಲ, ಅತ್ತರೂ ತಪ್ಪಲ್ಲ

ಪ್ರಶ್ನೆ: ಮೇಡಂ, ನಮ್ಮ ಯಜಮಾನರು ತೀರಿಕೊಂಡು ಎಂಟು ತಿಂಗಳಾಯಿತು. ಕೆಲಸಕ್ಕೆ ಹೋಗುತ್ತೇನೆ, ಮನೆ ನೋಡಿಕೊಳ್ಳುತ್ತೇನೆ, ಎಲ್ಲ ಹೇಗೋ ನಡೆಯುತ್ತಿದೆ. ಆದರೆ ಸಿಕ್ಕಿದವರೆಲ್ಲ ‘ಪಾಸಿಟಿವ್ ಆಗಿರು, ಮಕ್ಕಳ ಮುಖ ನೋಡು, ಇರೋದಕ್ಕೆ ಖುಷಿಪಡು’ ಅನ್ನುತ್ತಾರೆ. ಕೇಳಿ ಕೇಳಿ ಸಾಕಾಗಿದೆ. ಮೊನ್ನೆ ಮಗಳು ಏನೋ ಹೇಳಿದ್ದಕ್ಕೆ ಜೋರಾಗಿ ನಕ್ಕುಬಿಟ್ಟೆ. ಆಗಲೇ ಮೇಜಿನ ಮೇಲಿದ್ದ ಅವರ ಕನ್ನಡಕ ಕಣ್ಣಿಗೆ ಬಿತ್ತು. ಎಂಥ ಹೆಂಗಸು ನಾನು ಅನಿಸಿ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಕೃತಜ್ಞತೆಯ ಡೈರಿ ಬರೆಯೋಕೆ ಅಂತ ಗೆಳತಿ ಒಂದು ನೋಟ್‌ಬುಕ್ ತಂದುಕೊಟ್ಟಿದ್ದಾಳೆ. ಪೆನ್ನು ಹಿಡಿದರೆ ಸಿಟ್ಟು ಬರುತ್ತದೆ. ನನ್ನಲ್ಲೇ ಏನಾದರೂ ತೊಂದರೆ ಇದೆಯಾ?

ಉತ್ತರ: ಇಲ್ಲಮ್ಮ, ನಿಮ್ಮಲ್ಲಿ ಯಾವ ತೊಂದರೆಯೂ ಇಲ್ಲ.

ಮೊದಲು ಆ ನಗುವಿನ ವಿಷಯ ಮಾತಾಡೋಣ. ದುಃಖ ಅಂದರೆ ದಿನವಿಡೀ ಒಂದೇ ಸಮನೆ ಇರುವಂಥದ್ದು, ನಡುವೆ ನಕ್ಕರೆ ಅದು ಸುಳ್ಳು ದುಃಖ ಅಂತ ನಾವೆಲ್ಲ ಒಳಗೊಳಗೇ ನಂಬಿಕೊಂಡಿರುತ್ತೇವೆ. ನೆದರ್ಲೆಂಡ್ಸ್‌ನ ಯುಟ್ರೆಕ್ಟ್ ವಿಶ್ವವಿದ್ಯಾಲಯದ ಮಾರ್ಗರೆಟ್ ಸ್ಟ್ರೋಬ ಮತ್ತು ಹೆಂಕ್ ಶುಟ್ 1999ರಲ್ಲಿ ಬರೆದದ್ದು ಬೇರೆಯೇ. ಸಂಗಾತಿಯನ್ನು ಕಳೆದುಕೊಂಡವರ ಮನಸ್ಸು ಎರಡು ಕಡೆ ಓಡಾಡುತ್ತಿರುತ್ತದೆ. ಸ್ವಲ್ಪ ಹೊತ್ತು ಹೋದವರ ಕಡೆ, ಸ್ವಲ್ಪ ಹೊತ್ತು ಮುಂದಿನ ಬದುಕಿನ ಕಡೆ: ಬ್ಯಾಂಕಿನ ಕಾಗದ, ಮಕ್ಕಳ ಪರೀಕ್ಷೆ, ಇಷ್ಟು ದಿನ ಅವರೇ ಮಾಡುತ್ತಿದ್ದ ಕೆಲಸಗಳು. ಹೀಗೆ ಹೋಗಿ ಬಂದು ಮಾಡುತ್ತಲೇ ಮನಸ್ಸು ಹೊಂದಿಕೊಳ್ಳುತ್ತದೆ ಅನ್ನುತ್ತಾರೆ ಅವರು. ದುಃಖದಿಂದ ಆಗಾಗ ಬಿಡುವು ಸಿಗಲೇಬೇಕು, ಇಲ್ಲದಿದ್ದರೆ ಅದನ್ನು ಹೊರೋದಕ್ಕೆ ಯಾರಿಂದಲೂ ಆಗುವುದಿಲ್ಲ. ನೀವು ನಕ್ಕಿದ್ದು ಅಂಥ ಒಂದು ಬಿಡುವು. ಕನ್ನಡಕ ನೋಡಿದ ಕೂಡಲೇ ಮನಸ್ಸು ಮತ್ತೆ ಅವರ ಹತ್ತಿರ ಹೋಯಿತು. ಎರಡೂ ಒಂದೇ ನಿಮಿಷದಲ್ಲಿ ಆಗಿದ್ದರಿಂದ ನಿಮಗೆ ಅಷ್ಟು ಚುಚ್ಚಿತು, ಅಷ್ಟೆ. ನಿಮ್ಮ ಮಗಳ ಕಡೆಯಿಂದಲೂ ಒಮ್ಮೆ ಯೋಚಿಸಿ. ಅಮ್ಮನನ್ನು ನಗಿಸೋಕೆ ಆಯ್ತಲ್ಲ ಅಂತ ಆ ಮಗುವಿಗೆ ಎಷ್ಟು ಸಮಾಧಾನ ಆಗಿರಬಹುದು, ಅಲ್ವಾ?

ದುಃಖಕ್ಕೆ ಐದು ಹಂತ ಇದೆ, ಒಂದೊಂದೇ ದಾಟಬೇಕು ಅಂತ ಯಾರಾದರೂ ಹೇಳಿದರೆ ಅದನ್ನೂ ತಲೆಗೆ ಹಚ್ಚಿಕೊಳ್ಳಬೇಡಿ. ಎಲಿಜಬೆತ್ ಕ್ಯೂಬ್ಲರ್-ರಾಸ್ ಎಂಬ ವೈದ್ಯೆ 1969ರಲ್ಲಿ ಆ ಹಂತಗಳನ್ನು ಬರೆದದ್ದು ಸಾವಿನ ಹತ್ತಿರ ಇದ್ದ ರೋಗಿಗಳ ಜೊತೆ ಮಾತಾಡಿ. ಮನೆಯವರನ್ನು ಕಳೆದುಕೊಂಡವರ ಮೇಲೆ ಅದನ್ನು ಹೇರಿದ್ದು ಆಮೇಲೆ. ನಿಮ್ಮ ದುಃಖಕ್ಕೆ ಟೈಮ್‌ಟೇಬಲ್ ಇಲ್ಲ.

ಈಗ ಡೈರಿ. ನಿಮ್ಮ ಗೆಳತಿ ಒಳ್ಳೆಯ ಮನಸ್ಸಿನಿಂದಲೇ ಕೊಟ್ಟಿದ್ದಾಳೆ, ಅದರಲ್ಲಿ ಅನುಮಾನ ಬೇಡ. ಆ ಪದ್ಧತಿಯನ್ನು ಹೆಸರಾಗಿಸಿದ್ದು 2003ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಎಮನ್ಸ್ ಮತ್ತು ಮೈಕಲ್ ಮೆಕಲಾ ಮಾಡಿದ ಅಧ್ಯಯನ. ಅದರ ಒಂದು ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳು ವಾರಕ್ಕೊಮ್ಮೆ, ಆ ವಾರ ಕೃತಜ್ಞತೆ ಅನಿಸಿದ ಐದು ಸಂಗತಿಗಳ ತನಕ ಬರೆದರು. ಕಿರಿಕಿರಿಗಳನ್ನು ಬರೆದವರಿಗಿಂತ ಇವರಿಗೆ ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನ ಇತ್ತು. ಒಳ್ಳೆಯದೇ. ಆದರೆ ಅದು ಮಾಮೂಲಿ ವಾರಗಳನ್ನು ಕಳೆಯುತ್ತಿದ್ದ ಹುಡುಗ ಹುಡುಗಿಯರ ಮಾತು. ಗಂಡನನ್ನು ಕಳೆದುಕೊಂಡು ಎಂಟು ತಿಂಗಳಾದವರ ಕೈಗೆ ಅದೇ ನೋಟ್‌ಬುಕ್ ಕೊಟ್ಟು ‘ಖುಷಿಯಾಗಿರೋದನ್ನ ಬರಿ’ ಅಂದರೆ ಸಿಟ್ಟು ಬರದೆ ಇನ್ನೇನು ಬರುತ್ತದೆ? ‘ಅತ್ತಿದ್ದು ಸಾಕು’ ಅಂದ ಹಾಗೆ ಕೇಳಿಸುತ್ತದೆ ಅದು.

ಹಾಗಾಗಿ ಆ ನೋಟ್‌ಬುಕ್ಕಿನಲ್ಲಿ ಮೊದಲು ಸಿಟ್ಟನ್ನೇ ಬರೆಯಿರಿ. ಯಾರು ಏನಂದರು, ಯಾವ ಮಾತು ಚುಚ್ಚಿತು, ಯಜಮಾನರ ಮೇಲೇ ಯಾವುದಕ್ಕೆ ಕೋಪ (ಇರುತ್ತದೆ, ಬಹಳ ಜನರಿಗೆ ಇರುತ್ತದೆ), ಎಲ್ಲವನ್ನೂ. ಬರೆದ ಕೂಡಲೇ ಮನಸ್ಸು ಹಗುರವಾಗದೆ ಇನ್ನಷ್ಟು ಭಾರವಾಗಬಹುದು, ಅದಕ್ಕೆ ಹೆದರಬೇಡಿ, ಆದರೆ ಒಂದು ಕಾಲು ಗಂಟೆಗೆ ನಿಲ್ಲಿಸಿಬಿಡಿ. ಒಗ್ಗುವುದಿಲ್ಲ ಅನಿಸಿದರೆ ಬಿಟ್ಟುಬಿಡಿ, ಇದು ಪರೀಕ್ಷೆಯಲ್ಲ.

ಆಮೇಲೆ ಯಾವತ್ತಾದರೂ ಮನಸ್ಸಾದಾಗ ಅವರ ಬಗ್ಗೆಯೇ ಬರೆಯಿರಿ. ‘ಒಳ್ಳೆಯ ಗಂಡ ಸಿಕ್ಕಿದ್ದರು’ ಅಂತ ದೊಡ್ಡದಾಗಿ ಬರೆದರೆ ಏನೂ ಅನಿಸುವುದಿಲ್ಲ. ಚಿಕ್ಕದು ಬೇಕು. ನೀವು ಲೇಟಾಗಿ ಬರುವ ದಿನ ಬಾಗಿಲ ಹೊರಗಿನ ಲೈಟ್ ಹಾಕಿಡುತ್ತಿದ್ದರಾ? ನಿಮ್ಮ ಫೋನ್ ಚಾರ್ಜ್‌ಗೆ ಹಾಕುತ್ತಿದ್ದರಾ? ಓದುವಾಗ ಕನ್ನಡಕವನ್ನು ಹಣೆ ಮೇಲೆ ಏರಿಸಿಕೊಂಡು, ಅದೇ ಕನ್ನಡಕ ಎಲ್ಲಿ ಅಂತ ನಿಮ್ಮನ್ನೇ ಕೇಳುತ್ತಿದ್ದರಾ? ಅಂಥದ್ದು ಒಂದು ಸಾಲು ಸಾಕು. ಬರೆಯುತ್ತಾ ಅಳು ಬರುತ್ತದೆ. ಬರಲಿ. ಕೃತಜ್ಞತೆ ಅಂದರೆ ನಗುಮುಖವೇ ಆಗಿರಬೇಕು ಅಂತ ಯಾರು ಹೇಳಿದ್ದು? ಆ ಕನ್ನಡಕವನ್ನು ಎತ್ತಿಡಬೇಕಾ ಬೇಡವಾ ಅನ್ನೋದೂ ನಿಮ್ಮಿಷ್ಟ. ಮುಂದಿನ ವರ್ಷವೂ ಅಲ್ಲೇ ಇದ್ದರೆ ಯಾರಿಗೂ ಏನೂ ನಷ್ಟವಿಲ್ಲ.

ಇನ್ನೊಂದು ಮಾತು. ‘ಎಲ್ಲ ಹೇಗೋ ನಡೆಯುತ್ತಿದೆ’ ಅಂತ ಬರೆದಿದ್ದೀರಲ್ಲ, ಆ ‘ಹೇಗೋ’ ಅನ್ನೋದನ್ನ ಕಡಿಮೆ ಅಂದುಕೊಳ್ಳಬೇಡಿ. ಎಂಟು ತಿಂಗಳು ಎದ್ದಿದ್ದೀರಿ, ಕೆಲಸಕ್ಕೆ ಹೋಗಿದ್ದೀರಿ, ಮಕ್ಕಳನ್ನು ನೋಡಿಕೊಂಡಿದ್ದೀರಿ. ಮತ್ತೆ ಎದ್ದು ನಿಲ್ಲುವ ಶಕ್ತಿ ಅಂತ ಜನ ಹೇಳುವುದು ಇದಕ್ಕೇ. ಕೊಲಂಬಿಯಾ ವಿಶ್ವವಿದ್ಯಾಲಯದ ಜಾರ್ಜ್ ಬೊನಾನೊ ವರ್ಷಗಟ್ಟಲೆ ಇದನ್ನೇ ಅಧ್ಯಯನ ಮಾಡಿದವರು. ಈ ಶಕ್ತಿ ಅಪರೂಪದ್ದಲ್ಲ, ನಮ್ಮ ನಿಮ್ಮಂಥವರಲ್ಲೇ ಸಾಮಾನ್ಯವಾಗಿ ಕಾಣುತ್ತದೆ ಅನ್ನುತ್ತಾರೆ ಅವರು.

ಆದರೆ ಒಂದನ್ನು ಗಮನಿಸುತ್ತಿರಿ. ವರ್ಷ ಕಳೆದ ಮೇಲೂ ಹೆಚ್ಚುಕಡಿಮೆ ದಿನಾಲೂ ದುಃಖ ಅಷ್ಟೇ ಹರಿತವಾಗಿದ್ದು, ಕೆಲಸ, ಸಂಬಂಧ ಎಲ್ಲ ಕೈಬಿಟ್ಟುಹೋಗುತ್ತಿದ್ದರೆ ಅದಕ್ಕೆ ಚಿಕಿತ್ಸೆ ಇದೆ. ಅಮೆರಿಕದ ಮನೋವೈದ್ಯರ ಸಂಘ 2022ರಲ್ಲಿ ಇದನ್ನು ಒಂದು ಕಾಯಿಲೆ ಅಂತಲೇ ತನ್ನ ಪಟ್ಟಿಗೆ ಸೇರಿಸಿತು, ದೊಡ್ಡವರಿಗೆ ಕನಿಷ್ಠ 12 ತಿಂಗಳು ಕಳೆದಿರಬೇಕು ಅನ್ನುವ ಷರತ್ತಿನೊಂದಿಗೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಅದು 6 ತಿಂಗಳು. ಹಾಗಾಗಿ ವರ್ಷ ತುಂಬಲಿ ಅಂತ ಕಾಯಬೇಕಿಲ್ಲ, ತಡೆಯಲಾಗುತ್ತಿಲ್ಲ ಅನಿಸಿದರೆ ಈಗಲೇ ಆಪ್ತಸಮಾಲೋಚಕರನ್ನು ಕಾಣಬಹುದು. ಬದುಕುವುದೇ ಬೇಡ ಅನ್ನೋ ಯೋಚನೆ ಬಂದರೆ ಮಾತ್ರ ಅವತ್ತೇ, ಆ ಗಳಿಗೆಯಲ್ಲೇ ಯಾರಿಗಾದರೂ ಹೇಳಿ, ವೈದ್ಯರ ಹತ್ತಿರ ಹೋಗಿ.

ಪ್ರಶ್ನೆ: ನನ್ನ ಗೆಳೆಯನ ತಾಯಿ ಹೋದ ತಿಂಗಳು ತೀರಿಕೊಂಡರು. ಏನು ಹೇಳಬೇಕೋ ಗೊತ್ತಾಗದೆ ಫೋನ್ ಮಾಡುವುದನ್ನೇ ಮುಂದೂಡುತ್ತಿದ್ದೇನೆ.

ಉತ್ತರ: ಇವತ್ತೇ ಮಾಡಿ. ‘ಏನು ಹೇಳಬೇಕೋ ಗೊತ್ತಾಗಲಿಲ್ಲ ಕಣೋ, ಅದಕ್ಕೇ ಮಾಡಲಿಲ್ಲ’ ಅಂತಲೇ ಶುರು ಮಾಡಿ, ಅದಕ್ಕಿಂತ ಒಳ್ಳೆಯ ಮಾತು ಬೇಡ. ‘ಸದ್ಯ ಜಾಸ್ತಿ ನರಳಲಿಲ್ಲ’, ‘ವಯಸ್ಸಾಗಿತ್ತಲ್ಲ’ ಅನ್ನಬೇಡಿ. ಅವನೇ ಅಂದರೆ ಹೂಂ ಅನ್ನಿ. ಅವರಮ್ಮನ ಬಗ್ಗೆ ನಿಮಗೆ ಏನಾದರೂ ನೆನಪಿದ್ದರೆ ಹೇಳಿ. ಅಮ್ಮನ ಮಾತೆತ್ತಿದರೆ ಅವನಿಗೆ ನೋವಾಗುತ್ತದೆ ಅಂತ ಜನ ಸುಮ್ಮನಾಗುತ್ತಾರೆ, ಆದರೆ ಅಮ್ಮನ ಹೆಸರು ಕೇಳಬೇಕು ಅನ್ನೋ ಆಸೆ ಅವನಿಗೇ ಹೆಚ್ಚಿರುತ್ತದೆ. ‘ಏನಾದರೂ ಬೇಕಿದ್ದರೆ ಹೇಳು’ ಅಂದರೆ ಯಾರೂ ಹೇಳುವುದಿಲ್ಲ. ‘ಭಾನುವಾರ ಬರ್ತೀನಿ, ಆಸ್ಪತ್ರೆ ಬಿಲ್ಲು ಕಾಗದ ಎಲ್ಲ ಕೂತು ಜೋಡಿಸೋಣ’ ಅನ್ನಿ. ಮೂರು ತಿಂಗಳಾದ ಮೇಲೆ ಮತ್ತೆ ಫೋನ್ ಮಾಡಿ, ಆಗ ಬೇರೆ ಯಾರೂ ಮಾಡುತ್ತಿರುವುದಿಲ್ಲ.

ಪ್ರಶ್ನೆ: ನನಗೆ ಅಂಥ ಕಷ್ಟವೇನೂ ಇಲ್ಲ. ದಿನಾ ರಾತ್ರಿ ಕೃತಜ್ಞತೆಯ ಪಟ್ಟಿ ಬರೆಯುತ್ತೇನೆ. ಆರೋಗ್ಯ, ಮನೆ, ಕುಟುಂಬ, ಮತ್ತೆ ಅದೇ. ಬೋರ್ ಆಗಿದೆ. ಬಿಡಲೇ?

ಉತ್ತರ: ದಿನಾ ಬರೆಯುವುದನ್ನು ಬಿಡಿ. ಮನಶ್ಶಾಸ್ತ್ರಜ್ಞೆ ಸೋನ್ಯಾ ಲ್ಯೂಬೊಮಿರ್ಸ್ಕಿ ಮತ್ತು ಜೊತೆಗಾರರು 2005ರಲ್ಲಿ ಹೇಳಿದ ಪ್ರಯೋಗವೊಂದರಲ್ಲಿ ಆರು ವಾರ ವಾರಕ್ಕೊಮ್ಮೆ ಬರೆದವರಿಗೆ ಉಪಯೋಗವಾಯಿತು, ವಾರಕ್ಕೆ ಮೂರು ಸಲ ಬರೆದವರಿಗೆ ಆಗಲಿಲ್ಲ. ನಿಮಗಾದಂತೆ ಅವರಿಗೂ ಅದು ಬರೀ ಅಭ್ಯಾಸವಾಗಿರಬೇಕು. ವಾರಕ್ಕೊಮ್ಮೆ, ಒಂದೇ ಸಂಗತಿ, ಆದರೆ ವಿವರವಾಗಿ ಬರೆದು ನೋಡಿ: ಯಾರು, ಎಲ್ಲಿ, ನಿಮಗಾಗಿ ಏನು ಮಾಡಿದರು, ಅದಕ್ಕೆ ಅವರು ಎಷ್ಟು ತೊಂದರೆ ತೆಗೆದುಕೊಂಡರು. ಬರೆಯುತ್ತಾ ಒಬ್ಬರೇ ಪದೇ ಪದೇ ನೆನಪಾದರೆ ಅವರಿಗೇ ಒಂದು ಪತ್ರ ಬರೆಯಿರಿ, ಸಾಧ್ಯವಾದರೆ ಅವರೆದುರು ಓದಿ ಹೇಳಿ. ಮನಶ್ಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್ಮನ್ ತಂಡದ ಪ್ರಯೋಗದಲ್ಲಿ ಹೀಗೆ ಪತ್ರ ಬರೆದು ಖುದ್ದಾಗಿ ತಲುಪಿಸಿದವರ ಖುಷಿ ಒಂದು ತಿಂಗಳವರೆಗೂ ಉಳಿದಿತ್ತು. ಎದುರಿಗೆ ಓದೋಕೆ ತೀರಾ ಸಂಕೋಚವಾದರೆ ಪತ್ರ ಅವರ ಕೈಗೆ ಕೊಟ್ಟುಬಿಡಿ, ಅವರೇ ಓದಿಕೊಳ್ಳುತ್ತಾರೆ.