ಗೇಟು ದಾಟದ ವೃದ್ಧರಿಗೆ ಫ್ಲೂ ಲಸಿಕೆ ಏಕೆ ಬೇಕು?

ನಿಮ್ಮ ತಾಯಿಗೆ 78 ವರ್ಷ, ಕೊಪ್ಪಳದ ಬಳಿಯ ವೃದ್ಧಾಶ್ರಮದಲ್ಲಿದ್ದಾರೆ, ಅಲ್ಲಿ ಒಂದೇ ವಾರದಲ್ಲಿ ನಾಲ್ವರಿಗೆ ಜ್ವರ, ಕೆಮ್ಮು ಬಂದಿದೆ, ಲಸಿಕೆಯ ಮಾತೆತ್ತಿದರೆ ವ್ಯವಸ್ಥಾಪಕರು "ಗೇಟು ದಾಟದವರಿಗೆ ಅದೇಕೆ" ಎನ್ನುತ್ತಾರೆ, ತಾಯಿಯನ್ನು ಮನೆಗೆ ಕರೆತಂದುಬಿಡಲೇ ಎಂದು ಕೇಳಿದ್ದೀರಿ. ನಾನು ರಾಯಚೂರು ಜಿಲ್ಲೆಯಲ್ಲಿ ಶುಶ್ರೂಷಕಿಯಾಗಿ ಕೆಲಸ ಮಾಡಿ ನಿವೃತ್ತಳಾದವಳು. ಈಗ ವಾರಕ್ಕೆರಡು ದಿನ ಒಂದು ವೃದ್ಧಾಶ್ರಮಕ್ಕೆ ಹೋಗಿ ಅಲ್ಲಿನವರ ಬಿಪಿ, ಸಕ್ಕರೆ ನೋಡಿ, ಗಾಯಗಳಿಗೆ ಪಟ್ಟಿ ಕಟ್ಟಿ ಬರುತ್ತೇನೆ. ವೈದ್ಯರು ಹೇಳಬೇಕಾದುದನ್ನು ಅವರಿಗೇ ಬಿಟ್ಟು, ನನಗೆ ತಿಳಿದಷ್ಟನ್ನು ಬರೆಯುತ್ತಿದ್ದೇನೆ.

ಗೇಟು ದಾಟದವರಿಗೆ ಜ್ವರ ಬರುವುದು ಗೇಟು ದಾಟಿ ಒಳಗೆ ಬರುವವರಿಂದ. ಕೆಲವು ವರ್ಷಗಳ ಹಿಂದೆ, ಶ್ರಾವಣದಲ್ಲಿ, ನಮ್ಮ ಆಶ್ರಮದಲ್ಲಿ ಮೊದಲು ಹಾಸಿಗೆ ಹಿಡಿದದ್ದು ಮೂರು ವರ್ಷಗಳಿಂದ ಪಡಸಾಲೆಗೂ ಬಾರದ ಒಬ್ಬ ಅಜ್ಜಿ. ಅವರಿಗೆ ದಿನವೂ ಊಟ ಮಾಡಿಸುತ್ತಿದ್ದ ಆಯಾಗೆ ನೆಗಡಿಯಿತ್ತು. ರಜೆ ಹಾಕಿದರೆ ಆ ದಿನದ ಕೂಲಿ ಹೋಗುತ್ತದೆಂದು ಆಕೆ ಯಾರಿಗೂ ಹೇಳಿರಲಿಲ್ಲ. ಅದೇ ವಾರ ಮಗುವಿನ ಹುಟ್ಟುಹಬ್ಬವೆಂದು ಸಿಹಿಯೂಟ ಬಡಿಸಲು ಬಂದ ಕುಟುಂಬವೊಂದರ ಮಕ್ಕಳೂ ಕೆಮ್ಮುತ್ತಲೇ ಎಲ್ಲರ ಕಾಲಿಗೆ ನಮಸ್ಕರಿಸಿ ಹೋಗಿದ್ದರು. ಅಜ್ಜಿಗೆ ಜ್ವರವೇ ಕಾಣಿಸಲಿಲ್ಲ. ಊಟ ಬಿಟ್ಟರು, ಮಗಳನ್ನು ತಂಗಿಯ ಹೆಸರಿನಿಂದ ಕರೆಯತೊಡಗಿದರು. ಅದನ್ನು ನಾವು ವಯಸ್ಸಿನ ಮರೆವೆಂದುಕೊಂಡು ಎರಡು ದಿನ ಕಳೆದೆವು. ಇಷ್ಟು ವರ್ಷದ ಅನುಭವವಿದ್ದ ನಾನೇ ಹಾಗೆ ಎಣಿಸಿದ್ದೆ. ಮುಪ್ಪಿನಲ್ಲಿ ಸೋಂಕು ಹಲವು ಬಾರಿ ಜ್ವರವಿಲ್ಲದೆ, ಗಲಿಬಿಲಿಯಾಗಿ, ನಿಶ್ಶಕ್ತಿಯಾಗಿ, ಎದ್ದು ನಡೆಯುವಾಗ ಬೀಳುವುದಾಗಿ ತೋರಿಕೊಳ್ಳುತ್ತದೆ. ಹತ್ತು ದಿನಗಳಲ್ಲಿ ಅರ್ಧ ಆಶ್ರಮ ಮಲಗಿತು. ಅಜ್ಜಿ ಆಸ್ಪತ್ರೆಯಿಂದ ಹಿಂದಿರುಗಲಿಲ್ಲ.

ಆದ್ದರಿಂದ ತಾಯಿಗೆ ಲಸಿಕೆ ಹಾಕಿಸಿ, ಆದರೆ ಅಷ್ಟಕ್ಕೇ ನಿಲ್ಲಬೇಡಿ. ಆಯಾ, ಅಡುಗೆಯವರು, ಕಾವಲುಗಾರರು ಎಲ್ಲರಿಗೂ ಹಾಕಿಸಿದ್ದಾರೆಯೇ ಎಂದು ವ್ಯವಸ್ಥಾಪಕರನ್ನು ಕೇಳಿ. ನನ್ನ ಮಟ್ಟಿಗೆ ಇದು ಮೊದಲ ಪ್ರಶ್ನೆ. ಮುಪ್ಪಿನ ದೇಹ ಲಸಿಕೆಗೆ ಯೌವನದ ದೇಹದಷ್ಟು ಚೆನ್ನಾಗಿ ಸ್ಪಂದಿಸುವುದಿಲ್ಲ. ಲಸಿಕೆ ಪಡೆದ ಅಜ್ಜನಿಗೂ ಫ್ಲೂ ಬರಬಹುದು, ಆದರೆ ಅದು ನ್ಯುಮೋನಿಯಾಕ್ಕೆ ತಿರುಗಿ ಆಸ್ಪತ್ರೆ ಸೇರುವ ಸಂಭವ ಕಡಿಮೆಯಾಗುತ್ತದೆ. ಉಳಿದ ಕೊರತೆಯನ್ನು ಅವರ ಸುತ್ತ ಓಡಾಡುವ ಆರೋಗ್ಯವಂತರ ಲಸಿಕೆಯೇ ತುಂಬಬೇಕು. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಸುತ್ತಲಿನ, ವೃದ್ಧರನ್ನು ದೀರ್ಘಕಾಲ ನೋಡಿಕೊಳ್ಳುವ 20 ಆಸ್ಪತ್ರೆಗಳಲ್ಲಿ ನಡೆದು 2000ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಿಬ್ಬಂದಿಗೆ ಫ್ಲೂ ಲಸಿಕೆ ನೀಡಲು ಮುಂದಾದ ಕಡೆ 13.6 ಶೇಕಡಾ ರೋಗಿಗಳು ತೀರಿಕೊಂಡರೆ, ನೀಡದ ಕಡೆ 22.4 ಶೇಕಡಾ ತೀರಿಕೊಂಡಿದ್ದರು. ಈ ವ್ಯತ್ಯಾಸವೆಲ್ಲ ಲಸಿಕೆಯಿಂದಲೇ ಆದದ್ದೆಂದು ನಂತರದ ವಿಮರ್ಶಕರು ಒಪ್ಪಿಲ್ಲವಾದರೂ, ಆ ದಾರಿ ಸರಿಯೆಂದೇ ನನ್ನ ಅಭಿಪ್ರಾಯ.

2021ರ ಮಾರ್ಚ್ 1ರಿಂದ ಅರವತ್ತು ದಾಟಿದವರಿಗೆ ಕೋವಿಡ್ ಲಸಿಕೆಯನ್ನು ಸರ್ಕಾರಿ ಕೇಂದ್ರಗಳಲ್ಲಿ ಉಚಿತವಾಗಿ ಹಾಕಿದ್ದನ್ನು ನೆನೆದು, ಫ್ಲೂ ಲಸಿಕೆಗೂ ಆರೋಗ್ಯ ಇಲಾಖೆಯವರು ಬರುತ್ತಾರೆಂದು ಅನೇಕರು ಕಾಯುತ್ತಾರೆ. ಆದರೆ ಸರ್ಕಾರ ಉಚಿತವಾಗಿ ಲಸಿಕೆ ಹಾಕುವ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ವೃದ್ಧರ ಫ್ಲೂ ಲಸಿಕೆ ಸೇರಿಲ್ಲ. ಹಣ ಕೊಟ್ಟೇ ಹಾಕಿಸಬೇಕು. ವೈರಾಣು ರೂಪ ಬದಲಿಸುತ್ತಲೇ ಇರುವುದರಿಂದ ವರ್ಷಕ್ಕೊಮ್ಮೆ ಬೇಕು. ನಮ್ಮಲ್ಲಿ ಫ್ಲೂ ಮಳೆಗಾಲದಲ್ಲೊಮ್ಮೆ, ಜನವರಿಯಿಂದ ಮಾರ್ಚ್‌ವರೆಗೆ ಇನ್ನೊಮ್ಮೆ ಏರುತ್ತದೆ. ಲಸಿಕೆ ಫಲ ಕೊಡಲು ಸುಮಾರು ಎರಡು ವಾರ ಹಿಡಿಯುವುದರಿಂದ ಏಪ್ರಿಲ್, ಮೇ ತಿಂಗಳಲ್ಲೇ ಹಾಕಿಸಿಬಿಡುವುದು ಒಳ್ಳೆಯದು. ತೊಡಕೆಂದರೆ, ನಮ್ಮ ಕಡೆ ನಲವತ್ತು ಡಿಗ್ರಿ ದಾಟುವ ಬಿಸಿಲೂ ಆಗಲೇ ಇರುತ್ತದೆ, ಕರೆಂಟೂ ಆಗಲೇ ಹೋಗುತ್ತಿರುತ್ತದೆ. ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು, ಹೆಪ್ಪುಗಟ್ಟಲೂ ಬಾರದು. ಫ್ರೀಜರಿನಿಂದ ಆಗಷ್ಟೇ ತೆಗೆದ ಐಸ್‌ಪ್ಯಾಕಿಗೆ ತಾಗಿಸಿ ತಂದರೆ ಅದೂ ಕೆಟ್ಟಂತೆಯೇ. ಪ್ಯಾಕನ್ನು ಅಲುಗಾಡಿಸಿದಾಗ ಒಳಗೆ ನೀರಿನ ಸದ್ದು ಬರುವವರೆಗೆ ಹೊರಗಿಟ್ಟು, ಆಮೇಲೆ ಡಬ್ಬಿಗೆ ಹಾಕಬೇಕು. ಔಷಧಿ ಅಂಗಡಿಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು ಬಸ್ಸಿನಲ್ಲಿ ತಂದ ಲಸಿಕೆಯನ್ನು ನಾನು ಹಾಕದೆ ಹಿಂದಿರುಗಿಸಿದ್ದೇನೆ, ಅದಕ್ಕಾಗಿ ಬೈಸಿಕೊಂಡೂ ಇದ್ದೇನೆ.

ನ್ಯುಮೋನಿಯಾ ತರುವ ಒಂದು ಬ್ಯಾಕ್ಟೀರಿಯಾದ ವಿರುದ್ಧ ಕೊಡುವ ನ್ಯುಮೋಕಾಕಸ್ ಲಸಿಕೆಯ ಬಗ್ಗೆಯೂ ವೈದ್ಯರೊಡನೆ ಮಾತಾಡಿ. ಅದು ವರ್ಷವರ್ಷ ಬೇಕಿಲ್ಲ. ತಾಯಿ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹಾಕುವವರಿಗೆ ಮೊದಲೇ ತಿಳಿಸಿ. ತೋಳುನೋವು, ಒಂದೆರಡು ದಿನದ ಮೈಬಿಸಿ ಬರಬಹುದು. ಇಂಜೆಕ್ಷನ್ ರೂಪದ ಫ್ಲೂ ಲಸಿಕೆಯಲ್ಲಿ ಜೀವಂತ ವೈರಾಣು ಇರುವುದಿಲ್ಲವಾದ್ದರಿಂದ "ಸೂಜಿ ಹಾಕಿಸಿಕೊಂಡೇ ಫ್ಲೂ ಬಂತು" ಎನ್ನುವ ಮಾತು ನಿಜವಲ್ಲ.

ಆದರೆ ಈ ವಾರದ ಜ್ವರಕ್ಕೆ ಲಸಿಕೆ ಉತ್ತರವಲ್ಲ. ಮೂರು ದಿನಗಳೊಳಗೆ ಇಬ್ಬರಿಗೆ ಒಂದೇ ಬಗೆಯ ಜ್ವರ, ಕೆಮ್ಮು ಕಂಡರೂ ಅದನ್ನು ಹಬ್ಬುವ ಸೋಂಕೆಂದೇ ಎಣಿಸಿ ಫ್ಲೂ ಮತ್ತು ಕೋವಿಡ್ ಪರೀಕ್ಷೆ ಮಾಡಿಸಬೇಕು, ನಿಮ್ಮಲ್ಲಿ ನಾಲ್ವರಾಗಿದ್ದಾರೆ. ಫ್ಲೂ ಆಗಿದ್ದರೆ ಒಸೆಲ್ಟಾಮಿವಿರ್ ಎಂಬ, ಫ್ಲೂ ವೈರಾಣುವನ್ನು ತಡೆಯುವ ಮಾತ್ರೆ ಲಕ್ಷಣ ಕಂಡ 48 ಗಂಟೆಗಳೊಳಗೆ ಶುರುವಾದಾಗ ಹೆಚ್ಚು ಫಲ ಕೊಡುತ್ತದೆ, ಇನ್ನೂ ಚೆನ್ನಾಗಿರುವವರಿಗೂ ಮುಂಜಾಗ್ರತೆಯಾಗಿ ಕೊಡುವ ಪದ್ಧತಿಯಿದೆ. ಮೂತ್ರಪಿಂಡದ ತೊಂದರೆಯಿದ್ದವರಿಗೆ ಪ್ರಮಾಣ ಬದಲಾಗುವುದರಿಂದ ಅದನ್ನು ವೈದ್ಯರೇ ನಿರ್ಧರಿಸಬೇಕು. ಕಾಯಿಲೆಯವರನ್ನು ನೋಡಿಕೊಳ್ಳುವ ಆಯಾ ಉಳಿದವರ ಕೋಣೆಗೆ ಹೋಗಬಾರದು. ಜ್ವರವಿರುವ ಕೆಲಸದವರಿಗೆ ಕೂಲಿ ಕಡಿಯದೆ ರಜೆ ಕೊಡಬೇಕು. ಇದನ್ನು ಹೇಳಿದಾಗ ಆಡಳಿತದವರು ಮುಖ ತಿರುಗಿಸುತ್ತಾರೆ, ಆದರೂ ಹೇಳಿ. ಆ ಖರ್ಚನ್ನು ನಾಲ್ಕು ಕುಟುಂಬಗಳು ಹಂಚಿಕೊಂಡ ಉದಾಹರಣೆ ನಮ್ಮಲ್ಲೇ ಇದೆ. ಅನ್ನದಾನದವರನ್ನು ಕೆಲವು ದಿನ ಗೇಟಿನಲ್ಲೇ ಊಟ ಕೊಟ್ಟು ಹೋಗಲು ಕೇಳಿಕೊಳ್ಳಿ.

ಇನ್ನು ಮನೆಗೆ ಕರೆತರುವ ವಿಷಯ. ಫ್ಲೂ ಸೋಂಕು ತಗುಲಿ ಲಕ್ಷಣ ಕಾಣಲು ಒಂದರಿಂದ ನಾಲ್ಕು ದಿನ ಬೇಕು, ಲಕ್ಷಣ ಕಾಣುವ ಹಿಂದಿನ ದಿನವೇ ಅದು ಬೇರೆಯವರಿಗೆ ಹರಡಬಲ್ಲದು. ಮನೆಯಲ್ಲಿ ಹಸುಗೂಸೋ ಗರ್ಭಿಣಿಯೋ ಇದ್ದರೆ ಈಗ ಕರೆತರಬೇಡಿ. ಅವರಾರೂ ಇಲ್ಲದೆ, ಪ್ರತ್ಯೇಕ ಕೋಣೆಯಿದ್ದು, ನೋಡಿಕೊಳ್ಳಲು ಒಬ್ಬರಾದರೂ ಸದಾ ಮನೆಯಲ್ಲಿದ್ದರೆ, ವೈದ್ಯರನ್ನು ಕೇಳಿ ಕರೆತನ್ನಿ. ನಾಲ್ಕೈದು ದಿನ ಬೆಳಿಗ್ಗೆ, ಸಂಜೆ ಜ್ವರದ ಜೊತೆಗೆ ಊಟವನ್ನೂ ಮಾತಿನ ಸ್ಪಷ್ಟತೆಯನ್ನೂ ಗಮನಿಸಿ. ಊಟ ಬಿಟ್ಟರೆ, ಉಸಿರು ಜೋರಾದರೆ, ಜ್ವರ ಏರಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.